ಬೀದಿಯಿಂದ ಕಾರ್ಖಾನೆಗೆ: ಅಮೆರಿಕದ ‘ಫ್ಯಾಕ್ಟರಿ ಕಸ್ಟಮ್’ ಮೋಟಾರ್‌ಸೈಕಲ್‌ಗಳ ಇತಿಹಾಸ

ಮೋಟಾರ್‌ಸೈಕಲ್ ಲೋಕದಲ್ಲಿ ‘ಕಸ್ಟಮ್’ ಎಂಬ ಮಾತು, ಮಾಲೀಕನು ತನ್ನ ಅಳತೆಗೂ ಅಭಿರುಚಿಗೂ ಒಗ್ಗುವಂತೆ ಬಿಚ್ಚಿ, ಕತ್ತರಿಸಿ, ಮತ್ತೆ ಜೋಡಿಸಿಕೊಂಡ ಬೈಕನ್ನು ಸೂಚಿಸುತ್ತದೆ. ಕಾರ್ಖಾನೆಯ ರೀತಿ ಇದಕ್ಕೆ ತದ್ವಿರುದ್ಧವಾದುದು. ಒಂದೇ ಅಚ್ಚಿನ ಸಾವಿರಾರು ಬೈಕುಗಳನ್ನು ಹೊರತರುವುದರಲ್ಲಿಯೇ ಅದರ ಲಾಭವಿದೆ. ಇವೆರಡನ್ನೂ ಬೆಸೆದ ‘ಫ್ಯಾಕ್ಟರಿ ಕಸ್ಟಮ್’ ಎಂಬ ವರ್ಗವು, ಅಂದರೆ ಬೀದಿಯ ಮಾರ್ಪಾಡುಗಳನ್ನು ಕಂಪನಿಯೇ ಅಳವಡಿಸಿ ಷೋರೂಮಿನಲ್ಲಿ ಮಾರುವ ಬೈಕುಗಳ ವರ್ಗವು, ಅಮೆರಿಕದಲ್ಲಿ 1970ರ ದಶಕದಲ್ಲಿ ರೂಪುಗೊಂಡು, ಆ ಶತಮಾನದ ಕೊನೆಗೆ ಸೀಮಿತ ಸಂಖ್ಯೆಯ ದುಬಾರಿ ಮಾದರಿಗಳಾಗಿ ನೆಲೆನಿಂತಿತು. ಗ್ರಾಹಕರು ತಮ್ಮ ಗ್ಯಾರೇಜುಗಳಲ್ಲಿ ಕಂಡುಕೊಂಡದ್ದನ್ನು ಕಂಪನಿಯೊಂದು ಹಂತಹಂತವಾಗಿ ತನ್ನದಾಗಿಸಿಕೊಂಡ ಬಗೆಯನ್ನು ಈ ಇತಿಹಾಸದಲ್ಲಿ ಕಾಣಬಹುದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿಲ್ವಾಕಿಯ ಹಾರ್ಲೆ-ಡೇವಿಡ್‌ಸನ್ ಕಂಪನಿಯು ಸೈನ್ಯಕ್ಕಾಗಿ ಸುಮಾರು 90,000 ಮೋಟಾರ್‌ಸೈಕಲ್‌ಗಳನ್ನು ತಯಾರಿಸಿತ್ತು. ಯುದ್ಧ ಮುಗಿದ ಮೇಲೆ ಉಳಿಕೆ ಬೈಕುಗಳು ಕಡಿಮೆ ಬೆಲೆಗೆ ದೊರೆತಾಗ, ಊರಿಗೆ ಮರಳಿದ ಯುವಕರು ಮುಂದಿನ ಮಡ್‌ಗಾರ್ಡನ್ನು ಕಿತ್ತುಹಾಕಿ, ಹಿಂದಿನದನ್ನು ಮೊಟಕುಗೊಳಿಸಿ, ವೇಗಕ್ಕೆ ಅಡ್ಡಿಯಾದ ಭಾರವನ್ನೆಲ್ಲ ಇಳಿಸಿಕೊಂಡರು. ಹೀಗೆ ಹಗುರಗೊಳಿಸಿದ ಬೈಕಿಗೆ ‘ಬಾಬರ್’ ಎಂಬ ಹೆಸರು ಬಂತು. ಮುಂದಿನ ಪೀಳಿಗೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಚೌಕಟ್ಟಿನ ಕತ್ತನ್ನೇ ಕತ್ತರಿಸಿ ಅದರ ವಾಲನ್ನು ಹೆಚ್ಚಿಸಿ, ಮುಂಗಾಲಿಯನ್ನು ಹಿಡಿದಿರುವ ಫೋರ್ಕನ್ನು ಉದ್ದಗೊಳಿಸಿ, ಹ್ಯಾಂಡಲನ್ನು ಎತ್ತರಕ್ಕೇರಿಸಿತು; ಈ ರೂಪವೇ ‘ಚಾಪರ್’. ಬಾಬರ್ ವೇಗದ ಬೆನ್ನು ಹತ್ತಿದ್ದರೆ ಚಾಪರ್ ನೋಟಕ್ಕೆ ಒಲಿದಿತ್ತು.

ಚಾಪರ್ ಜಗತ್ಪ್ರಸಿದ್ಧವಾದದ್ದು 1969ರ ‘ಈಸಿ ರೈಡರ್’ ಚಲನಚಿತ್ರದಿಂದ. ಅದರಲ್ಲಿ ಪೀಟರ್ ಫೋಂಡಾ ಸವಾರಿ ಮಾಡಿದ ‘ಕ್ಯಾಪ್ಟನ್ ಅಮೆರಿಕ’ ಎಂಬ ಬೈಕು, ಪೊಲೀಸ್ ಇಲಾಖೆ ಬಳಸಿ ಹರಾಜಿಗೆ ಹಾಕಿದ್ದ ಹಾರ್ಲೆಯೊಂದರಿಂದ ಹುಟ್ಟಿದ್ದಾಗಿದ್ದು, ಕ್ಲಿಫ್ ವಾಸ್ ಮತ್ತು ಬೆನ್ ಹಾರ್ಡಿ ಎಂಬ ಇಬ್ಬರು ಕಪ್ಪುವರ್ಣೀಯರು ಅದರ ರಚನೆಯ ಹಿಂದಿದ್ದರು. ಲಾಸ್ ಏಂಜಲೀಸ್‌ನ ಕಪ್ಪುವರ್ಣೀಯರ ಬಡಾವಣೆಯಲ್ಲಿ ಗ್ಯಾರೇಜು ನಡೆಸುತ್ತಿದ್ದ ಹಾರ್ಡಿಯ ಹೆಸರು ಚಿತ್ರದ ಕೃತಜ್ಞತಾ ಪಟ್ಟಿಯಲ್ಲಿ ಇರಲಿಲ್ಲ. ಇಬ್ಬರ ಪಾತ್ರವೂ ವ್ಯಾಪಕವಾಗಿ ಗುರುತಿಸಲ್ಪಡಲು ದಶಕಗಳೇ ಹಿಡಿದವು.

ಅದೇ 1969ರಲ್ಲಿ ಹಾರ್ಲೆ-ಡೇವಿಡ್‌ಸನ್ ಕಂಪನಿಯು ಕ್ರೀಡಾ ಸಾಮಗ್ರಿಗಳಿಗೆ ಹೆಸರಾಗಿದ್ದ ಎ.ಎಂ.ಎಫ್. ಸಂಸ್ಥೆಯ ಒಡೆತನಕ್ಕೆ ಹೋಯಿತು. ಜಪಾನಿನ ಅಗ್ಗದ, ನಂಬಿಕಸ್ಥ ಬೈಕುಗಳು ಮಾರುಕಟ್ಟೆಯನ್ನು ಆವರಿಸುತ್ತಿದ್ದ ಆ ದಿನಗಳಲ್ಲಿ ಹೊಸ ಎಂಜಿನ್ ರೂಪಿಸಲು ಬೇಕಾದ ಹಣ ಮತ್ತು ಕಾಲಾವಕಾಶಗಳು ಕಂಪನಿಗೆ ಇರಲಿಲ್ಲವಾದ್ದರಿಂದ, ಇರುವ ಬಿಡಿಭಾಗಗಳನ್ನೇ ಬೇರೆ ರೀತಿಯಲ್ಲಿ ಕೂಡಿಸುವ ದಾರಿಯನ್ನು ಅದು ಹುಡುಕಬೇಕಾಯಿತು. ಸಂಸ್ಥಾಪಕರಲ್ಲೊಬ್ಬನ ಮೊಮ್ಮಗನೂ 1963ರಲ್ಲಿ ವಿನ್ಯಾಸ ವಿಭಾಗವನ್ನು ಸೇರಿದವನೂ ಆಗಿದ್ದ ವಿಲ್ಲಿ ಜಿ. ಡೇವಿಡ್‌ಸನ್, ದೊಡ್ಡ ಪ್ರವಾಸಿ ಬೈಕಿನ 1200 ಸಿಸಿ ಎಂಜಿನ್ ಮತ್ತು ಚೌಕಟ್ಟಿಗೆ ಚಿಕ್ಕ ‘ಸ್ಪೋರ್ಟ್‌ಸ್ಟರ್’ ಬೈಕಿನ ತೆಳುವಾದ ಫೋರ್ಕನ್ನು ಜೋಡಿಸಿ, 1971ರ ‘ಸೂಪರ್ ಗ್ಲೈಡ್’ ಮಾದರಿಯನ್ನು ರೂಪಿಸಿದನು. ಗ್ಯಾರೇಜುಗಳಲ್ಲಿ ಸವಾರರು ಮಾಡುತ್ತಿದ್ದುದೂ ಇದೇ ಕೆಲಸ. ದೋಣಿಯ ಹಿಂಬದಿಯನ್ನು ಹೋಲುತ್ತಿದ್ದ ಅದರ ಫೈಬರ್‌ಗ್ಲಾಸ್ ಬಾಲವು ಜನರಿಗೆ ಹಿಡಿಸದೆ ಬೇಗನೆ ಮರೆಯಾಯಿತಾದರೂ, ಕಾರ್ಖಾನೆಯೇ ಕಸ್ಟಮ್ ಬೈಕನ್ನು ಕಟ್ಟಿ ಮಾರಬಹುದೆಂಬ ವಿಚಾರ ಬೇರೂರಿತು.

ಇದೇ ಅವಧಿಯಲ್ಲಿ ಬ್ರಿಟಿಷ್ ಉದ್ಯಮವೂ ಇಂಥದೊಂದು ಪ್ರಯೋಗಕ್ಕೆ ಕೈಹಾಕಿತ್ತು. ಬಿ.ಎಸ್.ಎ. ಕಂಪನಿಯ ಅಮೆರಿಕನ್ ವಿತರಣಾ ಶಾಖೆಯು ತನ್ನ ಮೂರು ಸಿಲಿಂಡರಿನ ‘ರಾಕೆಟ್ 3’ ಬೈಕಿಗೆ ಹೊಸ ರೂಪ ಕೊಡುವ ಕೆಲಸವನ್ನು ಕ್ರೇಗ್ ವೆಟರ್ ಎಂಬ ತರುಣ ವಿನ್ಯಾಸಕಾರನಿಗೆ ಒಪ್ಪಿಸಿತು. ಟ್ಯಾಂಕು ಮತ್ತು ಸೀಟು ಒಂದೇ ಹರಿವಿನಲ್ಲಿ ಕೂಡಿಕೊಂಡ, ಮೂರು ಹೊಗೆಕೊಳವೆಗಳೂ ಬಲಬದಿಯಲ್ಲೇ ಮೇಲಕ್ಕೇಳುವ ಆ ಬೈಕು ಸಿದ್ಧವಾಗುವ ಹೊತ್ತಿಗೆ ಬಿ.ಎಸ್.ಎ. ಕುಸಿಯುತ್ತಿದ್ದುದರಿಂದ, ಅದು ಟ್ರಯಂಫ್ ಹೆಸರಿನಲ್ಲಿ ‘ಎಕ್ಸ್-75 ಹರಿಕೇನ್’ ಆಗಿ 1973ರ ಮಾದರಿಯಾಗಿ ಹೊರಬಂತು. ಸುಮಾರು 1,200 ಬೈಕುಗಳಷ್ಟೇ ತಯಾರಾದವು. ಹರಿಕೇನ್‌ನ ಸಂಖ್ಯೆಯನ್ನು ಸೀಮಿತಗೊಳಿಸಿದ್ದು ಉದ್ಯಮದ ದುಃಸ್ಥಿತಿ; ಮುಂದೆ ಬಂದ ‘ಲಿಮಿಟೆಡ್ ಎಡಿಷನ್’ ಬೈಕುಗಳ ಸಂಖ್ಯೆಯಾದರೋ ಮಾರಾಟದ ಲೆಕ್ಕಾಚಾರದಿಂದಲೇ ನಿಗದಿಯಾಯಿತು.

ಹಾರ್ಲೆಯ ಪ್ರಯೋಗ ಅಲ್ಲಿಗೆ ನಿಲ್ಲಲಿಲ್ಲ. 1977ರ ‘ಲೋ ರೈಡರ್’ ನೆಲಕ್ಕೆ ಹತ್ತಿರವಾದ ಸೀಟನ್ನು ತಂದರೆ, 1980ರ ‘ವೈಡ್ ಗ್ಲೈಡ್’ ಅಗಲವಾಗಿ ಹರಡಿದ ಫೋರ್ಕು, ಮೊಟಕು ಮಡ್‌ಗಾರ್ಡು ಮತ್ತು ಟ್ಯಾಂಕಿನ ಮೇಲೆ ಬೆಂಕಿಯ ನಾಲಗೆಗಳ ಚಿತ್ತಾರದೊಂದಿಗೆ ಚಾಪರಿನ ಲಕ್ಷಣಗಳನ್ನೆಲ್ಲ ಒಗ್ಗೂಡಿಸಿತು. 1981ರಲ್ಲಿ ಕಂಪನಿಯ 13 ಅಧಿಕಾರಿಗಳು ಸೇರಿ ಅದನ್ನು ಎ.ಎಂ.ಎಫ್.ನಿಂದ ಮರಳಿ ಕೊಂಡುಕೊಂಡರು. 1984ರಲ್ಲಿ ಬಂದ ‘ಸಾಫ್ಟೇಲ್’ ಮಾದರಿಯು ಬಿಲ್ ಡೇವಿಸ್ ಎಂಬ ಹೊರಗಿನ ಎಂಜಿನಿಯರನ ಶೋಧವನ್ನು ಆಧರಿಸಿತ್ತು. ಹಿಂಗಾಲಿಯ ಶಾಕ್ ಅಬ್ಸಾರ್ಬರುಗಳನ್ನು ಕಣ್ಣಿಗೆ ಕಾಣದಂತೆ ಗೇರ್‌ಬಾಕ್ಸಿನ ಕೆಳಗೆ ಅಡಗಿಸಿ, ಹಳೆಯ ಕಾಲದ ಗಡಸು ಚೌಕಟ್ಟಿನ ನೋಟವನ್ನು ಉಳಿಸಿಕೊಳ್ಳುವ ಈ ಉಪಾಯದ ಹಕ್ಕನ್ನು ಕಂಪನಿ ಅವನಿಂದ ಖರೀದಿಸಿತು.

1990ರ ದಶಕದಲ್ಲಿ ಹಾರ್ಲೆಗಳ ಬೇಡಿಕೆ ಪೂರೈಕೆಯನ್ನು ಮೀರಿದಾಗ, 1994ರಲ್ಲಿ ಸ್ಥಾಪನೆಯಾದ ಕಾನ್ಸಾಸ್‌ನ ‘ಬಿಗ್ ಡಾಗ್’ನಂಥ ಸಣ್ಣ ಕಂಪನಿಗಳು ಹಾರ್ಲೆ ಮಾದರಿಯ ಎಂಜಿನ್ನುಗಳನ್ನು ಬಳಸಿ ಸಿದ್ಧ ಕಸ್ಟಮ್ ಬೈಕುಗಳನ್ನು ಮಾರತೊಡಗಿದವು, ಮಾಲೀಕರೂ ಹೊಸ ಬೈಕು ಕೊಂಡ ಕೂಡಲೇ ಕ್ರೋಮ್ ಭಾಗಗಳಿಗೂ ವಿಶೇಷ ಬಣ್ಣಕ್ಕೂ ಧಾರಾಳವಾಗಿ ಹಣ ಚೆಲ್ಲುತ್ತಿದ್ದರು. ಈ ಹಣವನ್ನು ತನ್ನೊಳಗೇ ಉಳಿಸಿಕೊಳ್ಳಲು ಹಾರ್ಲೆಯು ‘ಕಸ್ಟಮ್ ವೆಹಿಕಲ್ ಆಪರೇಷನ್ಸ್’ ಅಥವಾ ಸಿ.ವಿ.ಓ. ಎಂಬ ವಿಭಾಗವನ್ನು ಕಟ್ಟಿ, 1999ರಲ್ಲಿ ಎಫ್.ಎಕ್ಸ್.ಆರ್.2 ಮತ್ತು ಎಫ್.ಎಕ್ಸ್.ಆರ್.3 ಎಂಬ ಬೈಕುಗಳನ್ನು ತಲಾ 900ರಷ್ಟು ಮಾತ್ರ ತಯಾರಿಸಿತು. ಸಾಮಾನ್ಯ ಉತ್ಪಾದನೆಯಿಂದ ಕೈಬಿಟ್ಟಿದ್ದರೂ ಸವಾರರು ಮರೆಯದಿದ್ದ ಹಳೆಯ ಚೌಕಟ್ಟನ್ನು ಇವುಗಳಿಗಾಗಿ ಮತ್ತೆ ಹೊರತೆಗೆದದ್ದು ಗಮನಾರ್ಹ. ಆನಂತರ ಪ್ರತಿ ವರ್ಷವೂ ಕೆಲವೇ ಮಾದರಿಗಳನ್ನು ಆರಿಸಿ, ಹಲವು ಪದರಗಳ ಬಣ್ಣ, ಹೆಚ್ಚುವರಿ ಸಲಕರಣೆ ಮತ್ತು ಸಾಮಾನ್ಯ ಮಾದರಿಗಳಿಗಿಂತ ದೊಡ್ಡ ಎಂಜಿನ್ನುಗಳೊಂದಿಗೆ ಹೊರತರುವ ಪದ್ಧತಿ ಬೆಳೆಯಿತು. 2007ರಲ್ಲಿ ಸುಮಾರು 1800 ಸಿಸಿ ಇದ್ದ ಈ ಎಂಜಿನ್ನುಗಳ ಗಾತ್ರ 2023ರ ಹೊತ್ತಿಗೆ 1977 ಸಿಸಿಗೆ ಏರಿತು.

ಭಾರತದಲ್ಲಿ ಈ ವರ್ಗಕ್ಕೆ ಕಾನೂನಿನ ಆಯಾಮವೂ ಇದೆ. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾಲೀಕನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಹೀಗಾಗಿ ಇಲ್ಲಿನ ಸವಾರನಿಗೆ ಕಸ್ಟಮ್ ನೋಟದ ಬೈಕು ತೊಡಕಿಲ್ಲದೆ ದೊರೆಯುವುದು ಕಾರ್ಖಾನೆಯಿಂದಲೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಕನ್ನಡಿಗರಿಗೆ ಚಿರಪರಿಚಿತವಾಗಿದ್ದ ಜಾವಾ ಹೆಸರು 2018ರಲ್ಲಿ ಬೇರೊಂದು ಕಂಪನಿಯ ಕೈಯಲ್ಲಿ ಮರುಜೀವ ಪಡೆದಾಗ, ಬಾಬರ್ ರೂಪದ ‘ಪೆರಾಕ್’ ಮಾದರಿಯೂ, ಜಾವಾದ 90ನೇ ವರ್ಷದ ನೆನಪಿಗೆ ಕೇವಲ 90 ಬೈಕುಗಳ ವಿಶೇಷ ಆವೃತ್ತಿಯೂ ಬಂದವು.

ಉತ್ತಮ ಬಣ್ಣ, ಪರೀಕ್ಷಿಸಿದ ಸುರಕ್ಷತೆ, ವಾರಂಟಿ ಇವು ಫ್ಯಾಕ್ಟರಿ ಕಸ್ಟಮ್ ಬೈಕಿನ ನಿಜವಾದ ಗುಣಗಳು. ಅದರ ವಿರಳತೆಯಾದರೋ ಕಂಪನಿ ತಾನೇ ಹಾಕಿಕೊಂಡ ಮಿತಿಯ ಫಲ. ಮೊಟಕು ಮಡ್‌ಗಾರ್ಡಿನಿಂದ ಉದ್ದನೆಯ ಫೋರ್ಕಿನವರೆಗೆ ಅದರ ರೂಪವನ್ನು ನಿರ್ಧರಿಸಿದ ಮುಖ್ಯ ಶೋಧಗಳು ಹುಟ್ಟಿದ್ದು ಕಾರ್ಖಾನೆಯ ಹೊರಗೆ. ಆದ್ದರಿಂದ ಈ ಇತಿಹಾಸವನ್ನು ಬರೆಯುವವರು ವಿಲ್ಲಿ ಜಿ. ಡೇವಿಡ್‌ಸನ್‌ನ ಪಕ್ಕದಲ್ಲಿ ಬೆನ್ ಹಾರ್ಡಿಯ ಹೆಸರನ್ನೂ ಅಷ್ಟೇ ಗೌರವದಿಂದ ದಾಖಲಿಸಬೇಕಾಗುತ್ತದೆ.