ಬಂದಾನ, ಬಂದಾನು: ಒಂದು ಉಕಾರದ ಇತಿಹಾಸ

ಸೈದಾಪುರದಲ್ಲಿ ಬೆಳೆದವರಿಗೆ ರೈಲು ಗಡಿಯಾರವೂ ಹೌದು, ಭಯವೂ ಹೌದು. ವಾಡಿಯಿಂದ ರಾಯಚೂರಿನ ಕಡೆ ಹೋಗುವ ಹಳಿ ಊರ ಮಗ್ಗುಲಲ್ಲೇ ಹಾದುಹೋಗುತ್ತದೆ. 1871ರಲ್ಲಿ ಮುಂಬಯಿ ಕಡೆಯ ರೈಲ್ವೆಯೂ ಮದ್ರಾಸ್ ಕಡೆಯ ರೈಲ್ವೆಯೂ ರಾಯಚೂರಿನಲ್ಲಿ ಬಂದು ಕೂಡಿದ್ದು ಈ ದಾರಿಯಿಂದಲೇ. ನಾವು ಹುಡುಗರು ಆ ಹಳಿಯ ಹತ್ತಿರ ಸುಳಿದರೆ ಸಾಕು, ನಮ್ಮ ಆಯಿ ಹಿಂದಿನಿಂದ ಕೂಗುತ್ತಿದ್ದಳು: "ಹಳಿ ದಾಟಬ್ಯಾಡ್ರೋ, ಗಾಡಿ ಬಂದೀತು!" ಗಾಡಿ ನಿಜವಾಗಿ ಬಂದು ನಿಂತರೆ ಆಕೆಯ ಮಾತು ಬೇರೆ: "ಗಾಡಿ ಬಂದದ, ನಡೀರಿ." ಬಂದೀತು, ಬಂದದ. ಮೊದಲನೆಯದರಲ್ಲಿ ಗಾಡಿ ಇನ್ನೂ ಇಲ್ಲ, ಆಯಿಯ ಎದೆಯಲ್ಲಿ ಮಾತ್ರ ಇದೆ. ಎರಡನೆಯದರಲ್ಲಿ ಗಾಡಿ ಕಣ್ಣೆದುರಿಗಿದೆ.

ಮನುಷ್ಯರ ವಿಷಯ ಬಂದಾಗ ಈ ವ್ಯತ್ಯಾಸ ಇನ್ನೂ ತೆಳುವಾಗುತ್ತದೆ. "ನಿಮ್ಮಪ್ಪ ಬಂದಾನ" ಎಂದರೆ ಅಪ್ಪ ಬಂದಿದ್ದಾನೆ. "ನಿಮ್ಮಪ್ಪ ಬಂದಾನು" ಎಂದರೆ ಬಂದರೂ ಬರಬಹುದು, ಜ್ವಾಕಿ. ಬೆಂಗಳೂರು, ಮೈಸೂರಿನ ಕಡೆಯವರಿಗೆ ಈ ತೊಡಕಿಲ್ಲ. ಅವರಿಗೆ 'ಬಂದಿದ್ದಾನೆ', 'ಬಂದಾನು' ಎರಡೂ ದೂರ ದೂರದ ರೂಪಗಳು. ನಮ್ಮ ಕಡೆ ಮಾತ್ರ, ನಡೆದುಹೋದದ್ದಕ್ಕೂ ನಡೆಯಬಹುದಾದದ್ದಕ್ಕೂ ನಡುವೆ ಇರುವುದು ಕೊನೆಯ ಒಂದು ಉಕಾರ.

ಆ ಉಕಾರವನ್ನು ನಾನು ಒಮ್ಮೆ ಕಳೆದುಕೊಂಡಿದ್ದೆ. ಹೈಸ್ಕೂಲಿನ ಕನ್ನಡ ಪರೀಕ್ಷೆಯಲ್ಲಿ 'ಬರು' ಧಾತುವಿನ ಸಂಭಾವನಾರ್ಥಕ ರೂಪ ಬರೆಯಿರಿ ಎಂದಿತ್ತು. ಅವಸರದಲ್ಲಿ 'ಬಂದಾನ' ಎಂದು ಬರೆದೆ. ಮೇಷ್ಟ್ರು ಕೆಂಪು ಮಸಿಯಲ್ಲಿ ಸೊನ್ನೆ ಸುತ್ತಿ, ಪಕ್ಕದಲ್ಲಿ 'ಮನೆಯ ಮಾತು ಬರೆಯಬಾರದು' ಎಂದು ಸೇರಿಸಿದ್ದರು. ಮನೆಯ ಮಾತಿನಲ್ಲಿ ಸರಿಯಾದ ಉತ್ತರವೂ ಇತ್ತು ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹೊಳೆದದ್ದು ಹಲವು ವರ್ಷಗಳ ನಂತರ, ಹೈದರಾಬಾದಿನಲ್ಲಿ ಪದವಿಗೆ ಎರಡನೆಯ ಭಾಷೆಯಾಗಿ ಫ್ರೆಂಚ್ ಓದುವಾಗ.

ಪುಸ್ತಕದ ಕೊನೆಯಲ್ಲಿ ಕ್ರಿಯಾಪದಗಳ ಪಟ್ಟಿಗಳಿದ್ದವು. ಪ್ರತಿ ಪಟ್ಟಿಯ ಒಂದು ಮೂಲೆಯಲ್ಲಿ 'ಇಂಪಾರ್ಫೆ ದ್ಯು ಸಬ್ಜಾಂಕ್ತಿಫ್' ಎಂಬ ಸಾಲು. ಸಂಶಯ, ಆಸೆ, ಭಯ, ಅಗತ್ಯ ಹೇಳುವ ಕ್ರಿಯಾರೂಪದ ಭೂತಕಾಲ ಎನ್ನಿ. ನಮಗೆ ಕಲಿಸುತ್ತಿದ್ದವರು, "ಇದನ್ನು ಓದುವಾಗ ಗುರುತು ಹಿಡಿದರೆ ಸಾಕು, ಬಾಯಲ್ಲಿ ಆಡಿದರೆ ಫ್ರಾನ್ಸಿನಲ್ಲಿ ನಗುತ್ತಾರೆ" ಎಂದು ಪುಟ ಮಗುಚಿಬಿಟ್ಟರು. ನಗುವಂಥದ್ದು ಏನಿದೆ ಎಂದು ನಾನು ಅಲ್ಲೇ ನಿಂತುಕೊಂಡೆ.

ರೂಪ ಕಟ್ಟುವ ವಿಧಾನ ಸುಲಭ. ಫ್ರೆಂಚಿನಲ್ಲಿ ಕತೆ ಹೇಳಲು ಬಳಸುವ ಒಂದು ಸರಳ ಭೂತಕಾಲವಿದೆ. ಅದರ 'ನೀನು' ರೂಪ ತೆಗೆದುಕೊಂಡು ಸಕಾರದ ಪ್ರತ್ಯಯ ಹಚ್ಚಬೇಕು. 'ಪಾರ್ಲೆ' ಎಂದರೆ ಮಾತಾಡು. ಅದರಿಂದ ನಾನು ಪಾರ್ಲಾಸ್, ನಾವು ಪಾರ್ಲಾಸ್ಯೋಂ. 'ವೆನೀರ್' ಎಂದರೆ ಬರು. ಅದರಿಂದ ನಾನು ವ್ಯಾಂಸ್. 'ಅವನು' ರೂಪದಲ್ಲಿ ಮಾತ್ರ ಸಕಾರ ಇಲ್ಲ. ಅದರ ಬದಲು ಸ್ವರದ ತಲೆಯ ಮೇಲೆ ಒಂದು ಪುಟ್ಟ ಟೋಪಿ ಕೂರುತ್ತದೆ. 'ಅವನು ಬಂದ' ಎಂಬುದೂ ವ್ಯಾಂ, 'ಅವನು ಬರಲಿ ಎಂದು' ಎಂಬಲ್ಲಿನ ರೂಪವೂ ವ್ಯಾಂ. ಕಿವಿಗೆ ಎರಡೂ ಒಂದೇ. ಕಾಗದದ ಮೇಲೆ ಮಾತ್ರ, ಬಂದವನಿಗೆ ಟೋಪಿ ಇಲ್ಲ, ಬರಲೆಂದು ಬಯಸಿದವನಿಗೆ ಟೋಪಿ ಇದೆ. ನನಗೆ ಕೂಡಲೇ ಸೈದಾಪುರ ನೆನಪಾಯಿತು. ಬಂದಾನ, ಬಂದಾನು.

ಆ ಟೋಪಿಗೂ ಒಂದು ಚರಿತ್ರೆಯಿದೆ. ಪ್ರೀತಿಸು ಎಂಬರ್ಥದ ಲ್ಯಾಟಿನ್ ಧಾತುವಿನಲ್ಲಿ 'ಅಮಾವಿಸ್ಸೆತ್' ಎಂಬ ರೂಪವಿತ್ತು. 'ಪ್ರೀತಿಸಿದ್ದರೆ' ಎನ್ನುವಾಗ ಬರುವಂಥದ್ದು. ಜನರ ಬಾಯಲ್ಲಿ ಅದು 'ಅಮಾಸ್ಸೆತ್' ಎಂದು ಸವೆಯಿತು, ಹಳೆಯ ಫ್ರೆಂಚಿನಲ್ಲಿ 'ಎಮಾಸ್ತ್' ಆಯಿತು. ಮುಂದೆ ಸಕಾರದ ಉಚ್ಚಾರ ಬಿದ್ದುಹೋದರೂ ಬರವಣಿಗೆಯಲ್ಲಿ ಉಳಿದಿತ್ತು. ಫ್ರೆಂಚ್ ಅಕಾಡೆಮಿಯು 1740ರ ತನ್ನ ನಿಘಂಟಿನಲ್ಲಿ ಇಂಥ ಮೂಕ ಸಕಾರಗಳನ್ನು ತೆಗೆದು, ಆ ಜಾಗದಲ್ಲಿ ಟೋಪಿ ಇಟ್ಟಿತು. ಹಾಗಾಗಿ ಆ ಟೋಪಿ ಅಲಂಕಾರವಲ್ಲ. ಸತ್ತ ಅಕ್ಷರವೊಂದರ ಗೋರಿಯ ಗುರುತು.

ಇಷ್ಟು ಗಟ್ಟಿ ವಂಶದ ರೂಪ ಯಾಕೆ ಅಳಿಯಿತು? ಎಲ್ಲರೂ ಮೊದಲು ಹೇಳುವ ಕಾರಣ ಅದರ ನಾದ. ಆಸ್, ಆಸ್ಯೋಂ, ಆಸ್ಯೇ ಎಂಬ ಕೊನೆಗಳು ಫ್ರೆಂಚರ ಕಿವಿಗೆ ಒಡ್ಡೊಡ್ಡಾಗಿ ಕೇಳಿಸಿ, ನಗೆಬರಹಗಾರರಿಗೆ ಸುಗ್ಗಿಯಾದವು. ಆದರೆ ನಗೆಯೊಂದೇ ಒಂದು ರೂಪವನ್ನು ಕೊಲ್ಲಲಾರದು. ಬೇರು ಆಳದಲ್ಲಿ ಒಣಗಿತ್ತು. ಈ ರೂಪ ನಿಂತಿದ್ದದ್ದು ಸರಳ ಭೂತಕಾಲದ ಮೇಲೆ. ಆ ಭೂತಕಾಲವೇ 19ನೆಯ ಶತಮಾನದ ಹೊತ್ತಿಗೆ ಪ್ಯಾರಿಸ್ಸಿನ ಆಡುಮಾತಿನಿಂದ ಬಹುಮಟ್ಟಿಗೆ ಹೊರಟುಹೋಗಿತ್ತು. ಅದರ ಜಾಗಕ್ಕೆ ಸಹಾಯಕ ಕ್ರಿಯಾಪದ ಸೇರಿಸಿ ಹೇಳುವ ಭೂತಕಾಲ ಬಂತು. 1942ರಲ್ಲಿ ಆಲ್ಬರ್ಟ್ ಕಮೂ ತನ್ನ 'ಲೆತ್ರಾಂಜೆ' ಕಾದಂಬರಿಯನ್ನು ಆ ಆಡುಮಾತಿನ ಭೂತಕಾಲದಲ್ಲೇ ನಿರೂಪಿಸಿದ್ದು ಹೊಸತನವಾಗಿ ಕಂಡಿತು. ತಾಯಿಯೇ ಮನೆ ಬಿಟ್ಟ ಮೇಲೆ ಕೂಸು ಎಷ್ಟು ದಿನ ಬಾಳೀತು?

ಅಕ್ಕಪಕ್ಕದ ಭಾಷೆಗಳನ್ನು ನೋಡಿದರೆ ಈ ಮಾತು ಗಟ್ಟಿಯಾಗುತ್ತದೆ. ಅದೇ ಲ್ಯಾಟಿನ್ ಮೂಲದ ರೂಪ ಸ್ಪ್ಯಾನಿಶ್ ಮತ್ತು ಇಟಾಲಿಯನ್ ಭಾಷೆಗಳಲ್ಲಿ ಇಂದಿಗೂ ಬದುಕಿದೆ. ಸ್ಪ್ಯಾನಿಶಿನಲ್ಲಿ ಅದು ಸರಳ ಭೂತಕಾಲದ ಅಂಗದ ಮೇಲೆಯೇ ನಿಂತಿದೆ, ಆದರೆ ಆ ಭೂತಕಾಲ ಜನರ ಬಾಯಲ್ಲಿ ಜೀವಂತವಾಗಿದೆ. ಉತ್ತರ ಇಟಲಿಯ ಮಾತಿನಲ್ಲಿ ಸರಳ ಭೂತಕಾಲ ಕಡಿಮೆಯಾಗಿದೆ, ಆದರೆ ಅಲ್ಲಿ ಸಂಶಯದ ರೂಪಕ್ಕೆ ಅದರ ಆಸರೆ ಬೇಕಿಲ್ಲ. 'ಮಾಡಿದೆ' ಎನ್ನಲು 'ಫೆಚಿ', ಸಂಶಯಕ್ಕೆ 'ಫಾಚೆಸ್ಸಿ', ಅಂಗಗಳೇ ಬೇರೆ. ಆಸರೆ ಬೇಕಾಗಿದ್ದು, ಆ ಆಸರೆ ತಪ್ಪಿದ್ದು ಫ್ರೆಂಚಿನಲ್ಲಿ ಮಾತ್ರ.

ಸರಕಾರ ಕೊನೆಗೆ ಕಾಗದದ ಮೇಲೆ ಒಪ್ಪಿಕೊಂಡಿತು. 1901ರ ಫೆಬ್ರವರಿ 26ರಂದು ಶಿಕ್ಷಣ ಮಂತ್ರಿ ಜಾರ್ಜ್ ಲೇಗ್ ಹೊರಡಿಸಿದ ಆದೇಶವು, ಕೆಲವು ಬಗೆಯ ವಾಕ್ಯಗಳಲ್ಲಿ ಈ ಭೂತರೂಪದ ಬದಲು ವರ್ತಮಾನ ರೂಪ ಬರೆದರೆ ಪರೀಕ್ಷೆಯಲ್ಲಿ ತಪ್ಪೆಂದು ಎಣಿಸಬಾರದು ಎಂದಿತು. 1976ರ ಡಿಸೆಂಬರಿನಲ್ಲಿ ಇನ್ನೊಬ್ಬ ಮಂತ್ರಿ ರೆನೆ ಆಬಿ ಅಂಥದೇ ಸಡಿಲಿಕೆಯನ್ನು ಮತ್ತೆ ಕೊಟ್ಟರು. ಇಂದು ಸಾಹಿತ್ಯದಲ್ಲಿ ಉಳಿದಿರುವುದು ಹೆಚ್ಚಾಗಿ ಟೋಪಿಯ 'ಅವನು' ರೂಪ ಮಾತ್ರ.

ಈಗ ನಮ್ಮ ಬಂದಾನುವಿನ ಕಡೆ ಬರೋಣ. ಸೈದಾಪುರದ ಉತ್ತರಕ್ಕೆ, ಕಾಗಿಣಾ ನದಿಯ ದಡದಲ್ಲಿ ಮಳಖೇಡವಿದೆ, ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ಆ ಆಸ್ಥಾನದಿಂದ ಬಂದ 'ಕವಿರಾಜಮಾರ್ಗ' ಕನ್ನಡ ಒಂದಲ್ಲ, ಹಲವು ಎಂಬುದನ್ನು ಕಂಡಿತ್ತು. ಸುಮಾರು 1260ರಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆದಾಗ ಮೂರು ಕಾಲಕ್ಕೆ ಮೂರು ರೂಪ ಕೊಟ್ಟ. ಭೂತಕ್ಕೆ ಬಂದಂ, ವರ್ತಮಾನಕ್ಕೆ ಬಂದಪಂ, ಭವಿಷ್ಯಕ್ಕೆ ಬರ್ಪಂ. ನಡುವಿನ ಬಂದಪಂ ನೋಡಿ. ಅಂಗ 'ಬಂದ್', ಭೂತಕಾಲದ್ದೇ, ಆದರೆ ಅರ್ಥ ಭೂತವಲ್ಲ. ನಡುಗನ್ನಡದಲ್ಲಿ ಪಕಾರ ಹಕಾರವಾಗಿ ಅದು ಬಂದಹನು ಆಯಿತು, ಹಕಾರ ಕರಗಿ ಬಂದಾನು ಆಯಿತು ಎಂದು ಭಾಷೆಯ ಚರಿತ್ರೆ ಬರೆದವರು ವಿವರಿಸುತ್ತಾರೆ. ವರ್ತಮಾನಕ್ಕೆ ಬರುತ್ತಾನೆ ಎಂಬ ಹೊಸ ರೂಪ ಬಂದು ಕೂತ ಮೇಲೆ, ಹಳೆಯ ವರ್ತಮಾನ ಸಂಶಯದ ಕಡೆ ಸರಿಯಿತು. 1872ರಲ್ಲಿ ಮಂಗಳೂರಿನಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿ ಅಚ್ಚು ಹಾಕಿಸಿದ ಕಿಟ್ಟೆಲ್, 1903ರ ತನ್ನ ವ್ಯಾಕರಣದಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗಿಟ್ಟು ತೋರಿಸಿದ್ದು ಇಂಥ ದಾರಿಗಳನ್ನು ಕಾಣಲು ನೆರವಾಯಿತು.

ನಮ್ಮ 'ಬಂದಾನ'ದ ಹಾದಿ ಬೇರೆ. 'ಬಂದು ಹಾನ' ಕೂಡಿ ಬಂದಾನ. 'ಹಾನ' ಎಂದರೆ ಇದ್ದಾನೆ. ಎರಡು ದಾರಿಯಿಂದ ನಡೆದುಬಂದ ಇಬ್ಬರು ಒಂದೇ ಕಟ್ಟೆಯ ಮೇಲೆ ಭೇಟಿಯಾದಂತೆ, ಈ ರೂಪಗಳು ನಮ್ಮ ಸೀಮೆಯಲ್ಲಿ ಮಗ್ಗುಲು ಮಗ್ಗುಲು ಕೂತಿವೆ.

ಫ್ರೆಂಚ್ ರೂಪಕ್ಕೂ ಕನ್ನಡದ ರೂಪಕ್ಕೂ ಕೆಲಸ ಒಂದೇ ಅಲ್ಲ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಫ್ರೆಂಚಿನದು ಇನ್ನೊಂದು ವಾಕ್ಯದ ಬಾಲ ಹಿಡಿದು ಬರುವಂಥದ್ದು. 'ಅವನು ಬರಲಿ ಎಂದು ಬಯಸಿದ್ದೆ' ಎನ್ನುವಾಗ ಅವರಿಗೆ ಬಯಕೆಯ ಕಾಲಕ್ಕೆ ತಕ್ಕಂತೆ ಬರುವಿಕೆಯ ಕಾಲವನ್ನೂ ಬದಲಿಸಬೇಕಾಗಿತ್ತು. ಕನ್ನಡಕ್ಕೆ ಆ ಕಷ್ಟವಿಲ್ಲ, ನಮ್ಮ 'ಎಂದು' ಆಡಿದ ಮಾತನ್ನು ಹಾಗೆಯೇ ಹೊತ್ತು ತರುತ್ತದೆ. ನಮ್ಮ ಬಂದಾನು ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ಅದು ಭಯ ಹೇಳುತ್ತದೆ: ಬಿದ್ದೀ! ಬಲ ಹೇಳುತ್ತದೆ: ಈ ಚೀಲ ನಾನೊಬ್ಬನೇ ಎತ್ತೇನು. ಸವಾಲು ಹಾಕುತ್ತದೆ: ಅವ ನನಗೇನು ಮಾಡ್ಯಾನು?

ಇನ್ನೊಂದು ದೊಡ್ಡ ವ್ಯತ್ಯಾಸವೂ ಇದೆ. ಫ್ರೆಂಚ್ ರೂಪದ ಬೇರು ಒಣಗಿತು, ನಮ್ಮದರ ಬೇರು ಹಸಿಯಾಗಿದೆ. ಬಂದೆ, ಬಂದ, ಬಂತು ಎಂದು ದಿನಕ್ಕೆ ನೂರು ಸಲ ಆಡುತ್ತೇವೆ. ಆದರೂ ಬರವಣಿಗೆಯಲ್ಲಿ ಸಂಭಾವನಾರ್ಥಕ ಸೊರಗುತ್ತಿದೆ. ಪತ್ರಿಕೆ, ಪಾಠ, ಕಚೇರಿಯ ಕಾಗದ ಎಲ್ಲ ಕಡೆ ಅದರ ಜಾಗದಲ್ಲಿ 'ಬಹುದು' ಕೂತಿದೆ. ಬರಬಹುದು, ಬೀಳಬಹುದು, ಆಗಬಹುದು. ನಾನು, ನೀನು, ಅವಳು, ಅವರು ಎಲ್ಲರಿಗೂ ಒಂದೇ ಅಚ್ಚು. ಮಳೆ ಬರಬಹುದು ಎಂದು ಹವಾಮಾನದವರು ಹೇಳುತ್ತಾರೆ. ಅಂಗಳದಲ್ಲಿ ತೊಗರಿ ಹರವಿದವಳು ಹೇಳುವುದು "ಮಳಿ ಬಂದೀತು." ಒಂದು ವರದಿ, ಇನ್ನೊಂದು ಕಾಳಜಿ. ಹಳಿಯ ಮೇಲಿನ ಮಗುವಿಗೆ ಯಾವ ಆಯಿಯೂ "ರೈಲು ಬರಬಹುದು" ಎಂದು ಕೂಗುವುದಿಲ್ಲ.

ಹಾಗಾದರೆ ಈ ರೂಪಕ್ಕೆ ಅಪಾಯ ಎಲ್ಲಿಂದ? ನಾಲಿಗೆಯಿಂದಲ್ಲ, ಕೆಂಪು ಮಸಿಯಿಂದ. ಶಾಲೆಯ ಪುಸ್ತಕದಲ್ಲಿ ಸಂಭಾವನಾರ್ಥಕ ಎಂಬ ತಲೆಬರಹದ ಕೆಳಗೆ ಹೋದಾನು, ತಿಂದಾನು ಎಂಬ ಎರಡು ಉದಾಹರಣೆ ಇರುತ್ತವೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅದೇ ಮಕ್ಕಳ ಮನೆಯಲ್ಲಿ ಅದೇ ರೂಪ ಬೆಳಗಿನಿಂದ ರಾತ್ರಿಯತನಕ ಓಡಾಡುತ್ತಿರುತ್ತದೆ. ಎರಡೂ ಒಂದೇ ಎಂದು ಹೇಳುವವರಿಲ್ಲ. ಫ್ರಾನ್ಸಿನ ಮಂತ್ರಿಗಳು ಜನರ ಬಾಯಿಂದ ಹೋದ ರೂಪವನ್ನು ಪರೀಕ್ಷೆಯಲ್ಲಿ ಮನ್ನಿಸಿದರು. ನಾವು ಜನರ ಬಾಯಲ್ಲಿ ಇರುವ ರೂಪವನ್ನು ಪರೀಕ್ಷೆಯಲ್ಲಿ ಗುರುತಿಸದೆ ಹೋಗುತ್ತಿದ್ದೇವೆ.

ಕಳೆದ ಸಲ ಊರಿಗೆ ಹೋದಾಗ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಒಬ್ಬ ತಾಯಿ, ಓಡಾಡುವ ಮಗ. ಪ್ಲಾಟ್‌ಫಾರ್ಮಿನ ಅಂಚಿಗೆ ಹೋದವನನ್ನು ನೋಡಿ ಆಕೆ ಗದರಿದಳು, "ಈಕಡಿ ಬಾ, ಬಿದ್ದೀ!" ಹುಡುಗ ಹಿಂದೆ ಸರಿದ. ಅವನಿಗೆ ಆ ರೂಪದ ಹೆಸರು ಗೊತ್ತಿರಲಿಲ್ಲ. ಇನ್ನು ಐದಾರು ವರ್ಷಕ್ಕೆ ಶಾಲೆಯಲ್ಲಿ ಯಾರಾದರೂ ಹೇಳಿಕೊಟ್ಟಾರು.