ನಡುಕಟ್ಟಿನ ಬಿಗಿ: ಒಂದು ಚಾರಿತ್ರಿಕ ಪರಿಶೀಲನೆ

ಬಿ.ಜಿ. ಕೆರೆಯನ್ನೊಳಗೊಂಡ ಮೊಳಕಾಲ್ಮೂರು ಸೀಮೆಯು ರೇಷ್ಮೆ ಸೀರೆಗೆ ಹೆಸರಾದುದು. ಸೀರೆಯ ಅಂದವನ್ನು ಕುರಿತು ಬರೆದವರು ಅನೇಕರು. ಅದನ್ನು ಉಟ್ಟ ನಡುವಿನ ಮೇಲೆ ಬೀಳುವ ಒತ್ತಡವನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಈ ವಿಚಾರದ ಚರಿತ್ರೆಯು ಪುರುಷರ ಉಡುಗೆಯಿಂದ ಆರಂಭವಾಗುತ್ತದೆ. 1945ರಲ್ಲಿ ಮುಂಬಯಿಯ ವೈದ್ಯವಿಜ್ಞಾನಿಗಳಾದ ಖಾನೋಲ್ಕರ್ ಮತ್ತು ಸೂರ್ಯಾಬಾಯಿಯವರು, ಧೋತರವನ್ನು ಬಿಗಿದುಡುವವರ ಸೊಂಟದಲ್ಲಿ ಕಾಣಿಸಿಕೊಂಡ ಚರ್ಮದ ಅರ್ಬುದರೋಗವನ್ನು ವಿವರಿಸಿದರು. ಕಾಲಾನಂತರ ಸೀರೆಯುಡುವ ಸ್ತ್ರೀಯರಲ್ಲಿಯೂ ಅದೇ ವ್ಯಾಧಿಯು ಕಂಡುಬಂದಿತು. ದೋಷವು ಒಳಲಂಗದ ಲಾಡಿಯದೆಂದು ಬಗೆಯುವುದು ಸುಲಭ. ಆದರೆ 2024ರಲ್ಲಿ ವರದಿಯಾದ ಇಬ್ಬರು ರೋಗಿಗಳಲ್ಲಿ ಒಬ್ಬರು ಒಳಲಂಗವಿಲ್ಲದೆಯೇ ಸೀರೆಯನ್ನು ಬಿಗಿದುಟ್ಟವರು. ಆದುದರಿಂದ ಒಂದೇ ಎಡೆಯಲ್ಲಿ ದಶಕಗಳ ಕಾಲ ನಡೆಯುವ ಒತ್ತಡ ಹಾಗೂ ತಿಕ್ಕಾಟಗಳೇ ಮೂಲಕಾರಣವೆಂದು ನಾವು ತಿಳಿಯಬೇಕಾಗುತ್ತದೆ. ಮೊದಲು ಚರ್ಮವು ಬಣ್ಣಗೆಡುತ್ತದೆ. ಬಳಿಕ ತೆಳುವಾಗಿ ಹುಣ್ಣಾಗುತ್ತದೆ. ಮಾಯದ ಹುಣ್ಣು ಅಪರೂಪವಾಗಿ ಅರ್ಬುದಕ್ಕೆ ತಿರುಗುತ್ತದೆ.

ಇದಕ್ಕಾಗಿ ಸೀರೆಯನ್ನು ತ್ಯಜಿಸಬೇಕಾಗಿಲ್ಲ. ಸಡಿಲವಾಗಿ ಉಡುವುದು, ಲಾಡಿಗೆ ಬದಲಾಗಿ ಅಗಲವಾದ ಪಟ್ಟಿಯನ್ನು ಬಳಸುವುದು, ಕಟ್ಟುವ ಎಡೆಯನ್ನು ಆಗಾಗ ಬದಲಿಸುವುದು ಸಾಕು. ಆದರೆ ನಡುವಿನ ಹುಣ್ಣನ್ನು ಸಂಕೋಚದಿಂದ ಮರೆಮಾಡುವ ರೂಢಿಯು ನಮ್ಮ ಮನೆಗಳಿಂದ ತೊಲಗಬೇಕು. ವಾರಗಳು ಕಳೆದರೂ ಮಾಯದಿದ್ದರೆ ಅದನ್ನು ವೈದ್ಯರಿಗೆ ತೋರಿಸಲೇಬೇಕು.