ಚೈನ್ ಸಾಗೆ ಯಾವ ಕೀಲೆಣ್ಣೆ? ನೊಣವಿನಕೆರೆ ಸೀಮೆಯ ತೆಂಗಿನ ತೋಟಗಳಲ್ಲಿ ವೇಸ್ಟ್ ಆಯಿಲ್ ಬಳಕೆಯ ವಿಮರ್ಶೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಮರ ನೆಡುವಷ್ಟೇ ಮರ ಕಡಿಸುವುದೂ ಒಂದು ದೊಡ್ಡ ಕೆಲಸ. ಮಳೆ ಕೈಕೊಟ್ಟ ವರ್ಷಗಳಲ್ಲಿ ಸುಳಿ ಒಣಗಿದ ಮರ, ಬುಡಕ್ಕೆ ಅಣಬೆ ರೋಗ ಹಿಡಿದ ಮರ, ಕಪ್ಪುತಲೆ ಹುಳುವಿನ ಕಾಟಕ್ಕೆ ಸೊರಗಿದ ಮರ, ಮುದಿಯಾಗಿ ಕಾಯಿ ಇಳಿದ ಮರ ಇವೆಲ್ಲ ಬೀಳಲೇಬೇಕು. ತೆಂಗು ಅಭಿವೃದ್ಧಿ ಮಂಡಳಿಯ ಪುನಶ್ಚೇತನ ಯೋಜನೆಯೂ ಇಂಥ ಮರಗಳನ್ನು ತೆಗೆದು ಹೊಸ ಸಸಿ ನೆಡಲು ನೆರವು ಕೊಡುತ್ತದೆ. ಕೊಡಲಿ ಮತ್ತು ಇಬ್ಬರು ಎಳೆಯುವ ಗರಗಸದ ಜಾಗಕ್ಕೆ ಪೆಟ್ರೋಲ್ ಎಂಜಿನ್ನಿನ ಚೈನ್ ಸಾ ಬಂದ ಮೇಲೆ ಕೆಲಸ ಹಗುರವಾಯಿತು. ಜೊತೆಗೆ, ಯಾರೂ ಅಷ್ಟಾಗಿ ಗಮನಿಸದ ಒಂದು ರೂಢಿಯೂ ಬಂತು: ಗ್ಯಾರೇಜಿನಲ್ಲಿ ಬೈಕು, ಟ್ರ್ಯಾಕ್ಟರುಗಳಿಂದ ಇಳಿಸಿದ ಕರಿ ಆಯಿಲ್ಲನ್ನು ಮಿಷನ್ನಿನ ಬಾರ್ (ಚೈನು ಸುತ್ತುವ ಉದ್ದನೆಯ ಲೋಹದ ಪಟ್ಟಿ) ಮತ್ತು ಚೈನಿಗೆ ಹಾಕುವುದು. ಬಿಟ್ಟಿಯಾಗಿ ಸಿಗುವ ಎಣ್ಣೆ, ಹೇಗೂ ಬಿಸಾಡುವಂಥದ್ದು, ಮತ್ತೊಮ್ಮೆ ಬಳಸಿದರೆ ಉಳಿತಾಯವೇ ಎಂಬುದು ಇದರ ಹಿಂದಿನ ತರ್ಕ. ಈ ತರ್ಕ ಬುಡದಲ್ಲೇ ತಪ್ಪಿದೆ. ಒಮ್ಮೆ ಹಾಕಿದ ಎಣ್ಣೆಯ ಒಂದು ಹನಿಯೂ ಮರಳಿ ಸಿಗದ ಯಂತ್ರಕ್ಕೆ ಅತ್ಯಂತ ಶುದ್ಧವಾದ ಎಣ್ಣೆ ಬೇಕು. ವೇಸ್ಟ್ ಆಯಿಲ್ ಬಳಸಲು ಎಲ್ಲಕ್ಕಿಂತ ಕಡಿಮೆ ಯೋಗ್ಯವಾದ ಸ್ಥಳ ಅದೇ. ಕೊಬ್ಬರಿಯ ಈ ನಾಡಿನಲ್ಲಿ ಅದಕ್ಕೆ ಬದಲಿ ಎಣ್ಣೆ ಹೊಂದಿಸುವುದು ಕಷ್ಟವೂ ಅಲ್ಲ.

ಯಂತ್ರದ ಕೆಲಸವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬೈಕಿನ ಎಂಜಿನ್ನಿನಲ್ಲಿ ಆಯಿಲ್ ಒಳಗೇ ಸುತ್ತುತ್ತದೆ, ಕೆಟ್ಟಾಗ ಇಳಿಸುತ್ತೇವೆ. ಚೈನ್ ಸಾದಲ್ಲಿ ಪುಟ್ಟ ಪಂಪೊಂದು ಟ್ಯಾಂಕಿನಿಂದ ಎಣ್ಣೆಯನ್ನು ಬಾರಿನ ಅಂಚಿನ ಸೀಳಿಗೆ ತಳ್ಳುತ್ತದೆ, ಅಲ್ಲಿಂದ ಚೈನು ಅದನ್ನು ಹೊತ್ತೊಯ್ಯುತ್ತದೆ. ಚೈನಿನ ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ಬಾರಿನ ತುದಿಯಲ್ಲಿ ತಿರುಗುವಾಗ ಎಣ್ಣೆ ಸಿಡಿದು ಮರದ ಹೊಟ್ಟಿಗೆ, ನೆಲಕ್ಕೆ, ಹಿಡಿದವನ ಬಟ್ಟೆಗೆ, ಕೈಗೆ, ಮುಖಕ್ಕೆ ಹಾರುತ್ತದೆ. ಇದಕ್ಕಾಗಿಯೇ ಬಾರ್ ಆಯಿಲ್ ತಯಾರಿಸುವವರು ಅದಕ್ಕೆ ಅಂಟು ಕೊಡುವ ಪಾಲಿಮರ್ ಬೆರೆಸುತ್ತಾರೆ. ಎಣ್ಣೆ ಲೋಹಕ್ಕೆ ಅಂಟಿಕೊಂಡು ತಡವಾಗಿ ಹಾರಲಿ ಎಂಬುದು ಉದ್ದೇಶ. ಎಂಜಿನ್ ಆಯಿಲ್‌ಗೆ ಈ ಗುಣ ಬೇಕಿಲ್ಲ, ಇರುವುದೂ ಇಲ್ಲ. ಹಳೆಯ ಆಯಿಲ್‌ನಲ್ಲಿ ಪೆಟ್ರೋಲ್ ಬೆರೆತಿದ್ದರೆ ಅದು ಇನ್ನೂ ತೆಳ್ಳಗಾಗಿರುತ್ತದೆ. ಹಾಗಾಗಿ ಅಷ್ಟೇ ಕೆಲಸಕ್ಕೆ ಹೆಚ್ಚು ಎಣ್ಣೆ ಹಾರುತ್ತದೆ. ಪೆಟ್ರೋಲ್ ಟ್ಯಾಂಕ್ ಒಮ್ಮೆ ತುಂಬಿಸಿದಾಗ ಎಣ್ಣೆಯ ಟ್ಯಾಂಕನ್ನೂ ತುಂಬಿಸುವುದು ವಾಡಿಕೆ. ಮಧ್ಯಮ ಗಾತ್ರದ ಮಿಷನ್ನಿನ ಎಣ್ಣೆ ಟ್ಯಾಂಕು ಕಾಲು ಲೀಟರಿನ ಆಸುಪಾಸು. ದಿನಕ್ಕೆ ಐದು ಸಲ ತುಂಬಿಸಿದರೆ ಒಂದೂಕಾಲು ಲೀಟರ್. ಒಂದು ಹೋಬಳಿಯಲ್ಲಿ ಇಪ್ಪತ್ತು ಮಿಷನ್‌ಗಳು ವರ್ಷಕ್ಕೆ ನೂರು ದಿನ ಓಡಿದರೆ 2,500 ಲೀಟರ್. ಅದಷ್ಟೂ ತೋಟಕ್ಕೇ ಸೇರುತ್ತದೆ. ‘ಎಷ್ಟು ಮಹಾ ಎಣ್ಣೆ’ ಎನ್ನುವ ಆಕ್ಷೇಪಕ್ಕೆ ಈ ಸರಳ ಲೆಕ್ಕವೇ ಉತ್ತರ.

ಆ ಎಣ್ಣೆಯೊಳಗೆ ಏನಿದೆ ಎಂಬುದು ಮುಂದಿನ ಪ್ರಶ್ನೆ. ಎಂಜಿನ್ನಿನೊಳಗೆ ಇಂಧನ ಅರೆಬರೆ ಉರಿದಾಗ ಹುಟ್ಟುವ ಪಾಲಿಸೈಕ್ಲಿಕ್ ಆರೋಮ್ಯಾಟಿಕ್ ಹೈಡ್ರೋಕಾರ್ಬನ್‌ಗಳು ಓಡಿದಷ್ಟೂ ಆಯಿಲ್‌ನಲ್ಲಿ ಸೇರುತ್ತ ಹೋಗುತ್ತವೆ. ಸವೆದ ಲೋಹದ ಪುಡಿ, ಮಸಿ, ಸವೆತ ತಡೆಯಲು ಕಂಪನಿ ಬೆರೆಸಿದ ಸತುವಿನ ಸಂಯುಕ್ತಗಳು ಬೇರೆ. ಪೆಟ್ರೋಲ್ ಎಂಜಿನ್ನಿನ ಹಳೆ ಆಯಿಲ್ಲನ್ನು ಇಲಿಗಳ ಚರ್ಮಕ್ಕೆ ಹಚ್ಚಿದ ಪ್ರಯೋಗಗಳಲ್ಲಿ ಗೆಡ್ಡೆಗಳು ಕಾಣಿಸಿಕೊಂಡಿದ್ದನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1984ರಲ್ಲೇ ದಾಖಲಿಸಿತು. ಸಂಸ್ಕರಿಸದ ಅಥವಾ ಅಲ್ಪ ಸಂಸ್ಕರಿಸಿದ ಖನಿಜ ತೈಲಗಳನ್ನು ಅದೇ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ. ಮನುಷ್ಯರ ಮೇಲಿನ ಪುರಾವೆ ಇನ್ನೂ ಹಳೆಯದು, ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಇಂಗ್ಲೆಂಡಿನ ಲ್ಯಾಂಕಾಶೈರ್ ಹತ್ತಿ ಗಿರಣಿಗಳಲ್ಲಿ ನೂಲುವ ಕದಿರುಗಳಿಂದ ಸಿಡಿದ ಖನಿಜ ತೈಲ ಕೆಲಸಗಾರರ ಪ್ಯಾಂಟಿನ ತೊಡೆಸಂದಿಯ ಭಾಗವನ್ನು ವರ್ಷಗಟ್ಟಲೆ ನೆನೆಸುತ್ತಿತ್ತು. ಅವರಲ್ಲಿ ವೃಷಣ ಚೀಲದ ಕ್ಯಾನ್ಸರ್ ಹೆಚ್ಚಿರುವುದನ್ನು ಮ್ಯಾಂಚೆಸ್ಟರಿನ ವೈದ್ಯರು 1922ರಲ್ಲಿ ಗುರುತಿಸಿದರು. ಅಲ್ಲಿ ರೋಗ ತಂದದ್ದು ಬಳಸದ ಎಣ್ಣೆ. ಇಲ್ಲಿ ಸಿಡಿಯುತ್ತಿರುವುದು ಎಂಜಿನ್ನಿನಲ್ಲಿ ಬೆಂದ ಎಣ್ಣೆ. ಎಣ್ಣೆ ಮೈಗೆ ತಾಗುವ ರೀತಿ ಮಾತ್ರ ಒಂದೇ: ಯಂತ್ರ ಸಿಡಿಸುತ್ತದೆ, ಬಟ್ಟೆ ಹೀರುತ್ತದೆ, ಚರ್ಮ ಆ ಬಟ್ಟೆಯನ್ನು ಇಡೀ ದಿನ ಹೊತ್ತಿರುತ್ತದೆ. ರೋಗ ತಲೆಯೆತ್ತಲು ದಶಕಗಳೇ ಬೇಕಾದ್ದರಿಂದ ‘ಇಷ್ಟು ವರ್ಷ ಹಾಕಿದೆವು, ಏನೂ ಆಗಿಲ್ಲ’ ಎಂಬ ಅನುಭವದ ಮಾತು ಇಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಚೈನ್ ಸಾ ಹಿಡಿಯುವ ಕೂಲಿಕಾರರಿಗೆ ಕೈಗವಸು, ಏಪ್ರನ್ ಇಲ್ಲದಿರುವುದೇ ಹೆಚ್ಚು ಎಂಬುದನ್ನು ನೆನೆದರೆ ನನಗೆ ಈ ಪ್ರಶ್ನೆ ಮಣ್ಣಿನದಕ್ಕಿಂತ ಮೊದಲು ಮನುಷ್ಯನದು ಎನಿಸುತ್ತದೆ. ಚೈನ್ ಸಾ ತಯಾರಿಸುವ ಸ್ಟೀಲ್ (Stihl) ಕಂಪನಿಯ ಕೈಪಿಡಿಗಳು ವೇಸ್ಟ್ ಆಯಿಲ್ ಬೇಡವೆನ್ನುವಾಗ ಯಂತ್ರದ ಸವೆತದ ಜೊತೆಗೆ ಚರ್ಮದ ಕ್ಯಾನ್ಸರನ್ನೂ ಹೆಸರಿಸುತ್ತವೆ.

ಇದಕ್ಕೆ ಎರಡು ಮರುಮಾತುಗಳಿವೆ. 2000ದಿಂದ ದೇಶದಲ್ಲಿ ಸೀಸರಹಿತ ಪೆಟ್ರೋಲೇ ಇದೆ, ಹಾಗಾಗಿ ಹಳೆ ಆಯಿಲ್ ಮೊದಲಿನಷ್ಟು ವಿಷವಲ್ಲ ಎಂಬುದು ಒಂದು. ಸೀಸದ ಮಟ್ಟಿಗೆ ಇದು ನಿಜ. ಆದರೆ ಆರೋಮ್ಯಾಟಿಕ್ ಸಂಯುಕ್ತಗಳು ಸೀಸದಿಂದ ಹುಟ್ಟಿದವಲ್ಲ, ದಹನದಿಂದ ಹುಟ್ಟಿದವು. ಅವು ಹಾಗೆಯೇ ಇವೆ. ಬಟ್ಟೆಯಲ್ಲಿ ಸೋಸಿ ಹಾಕಿದರೆ ಸಾಕು ಎಂಬುದು ಇನ್ನೊಂದು. ಸೋಸಿದರೆ ದಪ್ಪ ಪುಡಿ ನಿಲ್ಲುತ್ತದೆ, ಪಂಪಿಗೆ ಅಷ್ಟು ಒಳ್ಳೆಯದೇ. ಎಣ್ಣೆಯಲ್ಲಿ ಕರಗಿದ್ದು ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಯಂತ್ರದ ಸವೆತವನ್ನೇ ಮುಂದಿಟ್ಟು ವಾದಿಸುವುದು ಮಾತ್ರ ಜಾಣತನವಲ್ಲ ಎಂದು ಒಪ್ಪಬೇಕು. ತೆಂಗಿನ ಕಾಂಡದ ಹೊರಸುತ್ತು ಬಹಳ ಗಟ್ಟಿ, ಚೈನಿನ ಹಲ್ಲು ಹೇಗೂ ಬೇಗ ಮೊಂಡಾಗುತ್ತದೆ. ಅದರಲ್ಲಿ ಎಣ್ಣೆಯ ಪಾಲೆಷ್ಟು, ಮರದ ಪಾಲೆಷ್ಟು ಎಂದು ಮಿಷನ್ನಿನವನಿಗೆ ತಿಳಿಯುವುದಿಲ್ಲ. ಕರಿ ಆಯಿಲ್ ಹಾಕಿದರೂ ಮಿಷನ್ ಓಡುತ್ತದೆ. ಓಡುವುದೇ ಈ ರೂಢಿ ಗಟ್ಟಿಯಾಗಲು ಕಾರಣ.

ಮಣ್ಣಿನ ವಿಷಯದಲ್ಲಿ ತೆಂಗಿನ ತೋಟಕ್ಕೆ ತನ್ನದೇ ಕಷ್ಟವಿದೆ. ಮುದಿ ಮರವನ್ನು ಕಡಿಯುವುದು ಹಲವು ಸಲ ಅದರ ಪಕ್ಕದಲ್ಲಿ ಸಸಿ ನೆಟ್ಟ ಮೇಲೆ. ತೆಂಗಿನ ಬೇರಿನ ಬಹುಭಾಗ ಬುಡದಿಂದ ಸುಮಾರು ಎರಡು ಮೀಟರಿನ ಒಳಗೇ ಹರಡಿರುತ್ತದೆ. ಎಣ್ಣೆ ಹೀರಿದ ಹೊಟ್ಟು ಬೀಳುವುದೂ ಎಳೆಯ ಸಸಿಯ ಆ ಪಾತಿಗೇ. ಹೊಟ್ಟನ್ನು ಗುಡಿಸಿದರೆ ಅದು ತಿಪ್ಪೆಗೆ ಹೋಗುತ್ತದೆ, ತಿಪ್ಪೆಯಿಂದ ಮತ್ತೆ ತೋಟಕ್ಕೆ. ತುಂಡುಗಳನ್ನು ಹಂಡೆ ಒಲೆಗೆ ಹಾಕಿದರೆ ಬಚ್ಚಲಿನ ಹೊಗೆಗೆ. ನೊಣವಿನಕೆರೆಯ ದೊಡ್ಡ ಕೆರೆಯಂಥ ಹೇಮಾವತಿ ನೀರು ಕಾಣುವ ಕೆರೆಗಳ ಅಚ್ಚುಕಟ್ಟು ಮತ್ತು ಅಂಚಿನಲ್ಲಿ ಮಳೆ ನೀರು ಹರಿದು ಹೋಗುವ ದಾರಿಗಳನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ತೈಲವನ್ನು ಅಪಾಯಕಾರಿ ತ್ಯಾಜ್ಯವೆಂದೇ ಪಟ್ಟಿ ಮಾಡಿವೆ. 2024ರ ಏಪ್ರಿಲ್‌ನಿಂದ ತೈಲ ಉತ್ಪಾದಕರೇ ಅದರ ಮರುಸಂಸ್ಕರಣೆಯ ಹೊಣೆ ಹೊರಬೇಕೆಂಬ ವ್ಯವಸ್ಥೆಯೂ ಬಂದಿದೆ. ‘ಮರುಬಳಕೆ ಒಳ್ಳೆಯದಲ್ಲವೇ’ ಎಂದು ಕೇಳುವವರಿಗೆ ಕೊಡಬೇಕಾದ ಉತ್ತರ ಇಲ್ಲಿದೆ. ಪರವಾನಗಿ ಪಡೆದ ಘಟಕದಲ್ಲಿ ಸಂಸ್ಕರಿಸಿದರೆ ಆ ಕರಿ ಎಣ್ಣೆಯಿಂದಲೇ ಮತ್ತೆ ಬೇಸ್ ಆಯಿಲ್ ತೆಗೆಯಬಹುದು. ಡ್ರಮ್ಮಿನಲ್ಲಿ ಕೂಡಿಟ್ಟಷ್ಟೂ ಅದು ಸರಕು, ಪಾತಿಗೆ ಸಿಡಿಸಿದರೆ ಕೊಳೆ. ಸೆಂಟ್ರಿಂಗ್ ಹಲಗೆಗೆ, ಗೆದ್ದಲು ತಡೆಯಲು ಕಂಬದ ಬುಡಕ್ಕೆ ಬಳಿಯುವವರಿದ್ದಾರೆ ಎಂಬುದೂ ಚೈನ್ ಸಾ ಬಳಕೆಗೆ ಸಮರ್ಥನೆಯಾಗದು.

ಹಾಗಾದರೆ ಬದಲಿ ಯಾವುದು? ಜರ್ಮನಿ, ಆಸ್ಟ್ರಿಯಾಗಳ ಕಾಡುಗಳಲ್ಲಿ ಸಸ್ಯಜನ್ಯ ಚೈನ್ ಎಣ್ಣೆ ಬಳಕೆಗೆ ಬಂದು ದಶಕಗಳಾದವು. ಅಲ್ಲಿ ಆಧಾರ ಸಾಸಿವೆಯ ಜಾತಿಯ ರೇಪ್ ಎಣ್ಣೆ. ನಮ್ಮಲ್ಲಿ ಮೊದಲು ಮನಸ್ಸಿಗೆ ಬರುವುದು ಕೊಬ್ಬರಿ ಎಣ್ಣೆ. ಅದರ ಒಂದು ಗುಣ ಬಹಳ ಬೆಲೆಯುಳ್ಳದ್ದು: ಅಯೋಡಿನ್ ಮೌಲ್ಯ (ಎಣ್ಣೆಯ ಅಪರ್ಯಾಪ್ತತೆಯ ಅಳತೆ) ಹತ್ತರ ಆಸುಪಾಸು ಇರುವುದರಿಂದ ಸೂರ್ಯಕಾಂತಿ ಎಣ್ಣೆಯಂತೆ ಗಾಳಿಗೆ ಅಂಟುಗಟ್ಟಿ ಚೈನನ್ನು ಹಿಡಿಯುವುದಿಲ್ಲ. ಕೊರತೆಗಳು ಎರಡು. 24 ಡಿಗ್ರಿಯ ಹತ್ತಿರ ಅದು ಹೆಪ್ಪುಗಟ್ಟುತ್ತದೆ. ಮಾರ್ಗಶಿರ, ಪುಷ್ಯದ ಬೆಳಗಿನಲ್ಲಿ ಪಂಪು ಎಳೆಯದು. ಕರಗಿದಾಗ ತೀರ ತೆಳು, 40 ಡಿಗ್ರಿಯಲ್ಲಿ ಸ್ನಿಗ್ಧತೆ ಸುಮಾರು 27 ಸೆಂಟಿಸ್ಟೋಕ್. ಬಾರ್ ಆಯಿಲ್‌ಗೆ ನೂರರ ಆಸುಪಾಸು ಬೇಕು. ಈ ಎರಡನ್ನೂ ತುಂಬಿಕೊಡಬಲ್ಲದ್ದು ಹರಳೆಣ್ಣೆ. ಅದೇ ಉಷ್ಣತೆಯಲ್ಲಿ ಅದರ ಸ್ನಿಗ್ಧತೆ ಸುಮಾರು 250, ಲೋಹಕ್ಕೆ ಅಂಟುವ ಗುಣವೂ ಹೆಚ್ಚು. ನಮ್ಮ ರೈತರು ಬಂಡಿಯ ಅಚ್ಚಿಗೆ ಹುಲ್ಲಿನ ಕರಿ ಕಲಸಿದ ಹರಳೆಣ್ಣೆಯ ಕೀಲೆಣ್ಣೆ ಹಾಕುತ್ತಿದ್ದುದು ಈ ಗುಣವನ್ನು ಕಂಡುಕೊಂಡೇ. ಮೊದಲ ಮಹಾಯುದ್ಧದ ರೋಟರಿ ವಿಮಾನ ಎಂಜಿನ್‌ಗಳು, ಅವೂ ಹಾಕಿದ ಎಣ್ಣೆಯನ್ನೆಲ್ಲ ಹೊರಗೆ ಚೆಲ್ಲುವಂಥವೇ, ಹರಳೆಣ್ಣೆಯಿಂದಲೇ ಓಡಿದವು. ಸಮಪಾಲು ಬೆರೆಸಿದರೆ ಸ್ನಿಗ್ಧತೆ ಎಂಬತ್ತರ ಹತ್ತಿರ ನಿಲ್ಲುತ್ತದೆಂದು ಲೆಕ್ಕ ಸೂಚಿಸುತ್ತದೆ; ಚಳಿಗಾಲದಲ್ಲಿ ಹರಳೆಣ್ಣೆಯ ಪಾಲನ್ನು ಏರಿಸಬೇಕು. ಕೊನೆಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂಥ ಸಂಸ್ಥೆ ಈ ಬೆರಕೆಯನ್ನು ಬಾರಿನ ಬಿಸಿ, ಚೈನಿನ ಸವೆತ, ಬೆಳಗಿನ ಚಳಿ ಮೂರನ್ನೂ ಅಳೆದು ಪರೀಕ್ಷಿಸುವುದು ಸೂಕ್ತ.

ಬೆಲೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ದರ ಇಪ್ಪತ್ತು ಸಾವಿರ ದಾಟಿತ್ತು. ಅಂಥ ಕೊಬ್ಬರಿಯ ಎಣ್ಣೆಯನ್ನು ಗರಗಸಕ್ಕೆ ಸುರಿಯಿರಿ ಎಂದು ಯಾರೂ ಹೇಳಲಾರರು. ಆದರೆ ತಿಪಟೂರಿನ ಉಂಡೆ ಕೊಬ್ಬರಿ ತಿನ್ನಲು ಉತ್ತರ ಭಾರತಕ್ಕೆ ಹೋಗುವ ಸರಕು. ಗಾಣಕ್ಕೆ ಬರುವುದು ಒಡೆದದ್ದು, ಕೌಟು ಹಿಡಿದದ್ದು. ತಿನ್ನಲು ಬಾರದ ಆ ಎಣ್ಣೆ ಗರಗಸಕ್ಕೆ ಸಾಕು, ಆಮ್ಲಾಂಶ ಮೀರಿ ಲೋಹವನ್ನು ತಿನ್ನುವಷ್ಟು ಹಾಳಾಗಿರಬಾರದು ಅಷ್ಟೆ. ಖರ್ಚನ್ನು ಮಿಷನ್ನಿನವನ ದಿನದ ಲೆಕ್ಕದಲ್ಲಿ ನೋಡುವುದಕ್ಕಿಂತ ಮರದ ಲೆಕ್ಕದಲ್ಲಿ ನೋಡಬೇಕು. ಒಂದು ಮರ ಉರುಳಿಸಿ ತುಂಡು ಮಾಡಲು ನೂರು ಮಿಲಿಲೀಟರ್ ಎಣ್ಣೆ ಎಂದು ಧಾರಾಳವಾಗಿ ಹಿಡಿದು, ಬೆರಕೆ ಎಣ್ಣೆಗೆ ಲೀಟರಿಗೆ ನಾನೂರು ರೂಪಾಯಿ ಎಂದುಕೊಂಡರೂ ಮರಕ್ಕೆ ನಲವತ್ತು ರೂಪಾಯಿ ಬೀಳುತ್ತದೆ. ಗುತ್ತಿಗೆಗೆ ಮರ ಕುಯ್ಯುವವನು ಅದನ್ನು ತನ್ನ ಕೈಯಿಂದ ಹಾಕಲಾರ; ಮರ ಕಡಿಸುವ ತೋಟದವರೇ ಎಣ್ಣೆ ಕೊಡುವ ಕರಾರಾದರೆ, ಯಾವ ಎಣ್ಣೆ ತಮ್ಮ ಪಾತಿಗೆ ಬೀಳುತ್ತದೆ ಎಂಬ ತೀರ್ಮಾನವೂ ಅವರ ಕೈಯಲ್ಲೇ ಉಳಿಯುತ್ತದೆ.